ಪಟ್ಟಿಯ ಮೊದಲ ಸಾಲು

ನಷ್ಟದ ಪಟ್ಟಿ ಬರೆಸಲು ಕೂತವರು ಮೊದಲು ತಮ್ಮ ಕೈಕೆಲಸದ ಸಾಮಾನನ್ನೇ ಹೇಳುತ್ತಾರೆ. ಚಿನ್ನ, ಟೀವಿ, ಹಾಸಿಗೆ ಎಲ್ಲ ಆಮೇಲೆ ನೆನಪಾಗುತ್ತವೆ. ಇದು ನನಗೆ ತಿಳಿದದ್ದು 1993ರ ಜನವರಿಯ ಕೊನೆಯಲ್ಲಿ, ಗಲಭೆಯಲ್ಲಿ ಉರಿದ ಬೊಂಬಾಯಿಯಲ್ಲಿ, ಧಾರಾವಿಯ ನೈಂಟಿ ಫೀಟ್ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯ ಬಾಯಲ್ಲಿ. ಯಾವುದೋ ಬಾಲವಾಡಿಯಿಂದ ತಂದ ಮೇಜು, ಎರಡು ಮಡಚುವ ಕುರ್ಚಿ, ಕಾರ್ಬನ್ ಹಾಳೆ, ಅಂಟು, ಸ್ಟಾಂಪ್ ಪ್ಯಾಡು. ನಮ್ಮ ನೆರವಿನ ಗುಂಪಿನ ಆಫೀಸು ಅಷ್ಟೇ. ಉತ್ತರ ಪ್ರದೇಶದಿಂದ ಬಂದು ನೆಲೆಸಿದ್ದ ಒಬ್ಬ ದರ್ಜಿ ಎದುರಿಗೆ ಕೂತು, ನಾನು ಹೆಸರು ಕೇಳುವ ಮೊದಲೇ ಹೇಳಿದ: "ಬೆಹನ್‌ಜೀ, ಪೆಹಲೇ ಮಷೀನ್ ಲಿಖೋ." ಅವನ ಖೋಲಿ ಪೂರ್ತಿ ಸುಟ್ಟುಹೋಗಿತ್ತು. ತಗಡಿನ ಮಾಡು ಮುದುಡಿ ನೆಲಕ್ಕೆ ಬಿದ್ದಿತ್ತು. ಆದರೂ ಪಟ್ಟಿಯ ಮೊದಲ ಸಾಲಿನಲ್ಲಿ ಅವನಿಗೆ ಬೇಕಾಗಿದ್ದದ್ದು ಹೊಲಿಗೆ ಮಷೀನು.

ಅವನ ಹಿಂದೆ ಬಂದ ಚರ್ಮದ ಪಾಕೀಟು ಹೊಲಿಯುವವನು ತನ್ನ ಚೂರಿ, ಉಳಿ, ಸುತ್ತಿಗೆಗಳನ್ನು ಹೇಳಿದ. ತಳ್ಳುಗಾಡಿಯವನು ಗಾಡಿಯನ್ನೂ ತಕ್ಕಡಿಯನ್ನೂ ಹೇಳಿದ. ನಮ್ಮ ಕೈಯಲ್ಲಿದ್ದ ಅಚ್ಚು ಹಾಕಿಸಿದ ಫಾರಮಿನಲ್ಲಿ ಮನೆ ಎಷ್ಟು ಸುಟ್ಟಿದೆ, ಪಾತ್ರೆಪಗಡಿ ಎಷ್ಟು, ಬಟ್ಟೆಬರೆ ಎಷ್ಟು ಎಂಬ ಕಾಲಮ್ಮುಗಳಿದ್ದವು. ದುಡಿಯುವ ಸಾಮಾನಿಗೆ ಕಾಲಮ್ಮಿರಲಿಲ್ಲ. ಎರಡನೆಯ ದಿನದಿಂದ ಆ ಸಾಲನ್ನು ನಾವೇ ಮೇಲುಗಡೆ ಕೈಯಲ್ಲಿ ಬರೆದು ಸೇರಿಸತೊಡಗಿದೆವು. ಆಮೇಲಿನ ವರ್ಷಗಳಲ್ಲಿ ನೆರವಿನ ಕೆಲಸದ ಬಗ್ಗೆ ನಾನು ಏನೇ ಓದಿರಲಿ, ಯಾರಿಂದ ಏನೇ ಕೇಳಿರಲಿ, ಆ ಕೈಬರಹದ ಸಾಲಿನ ಪಕ್ಕದಲ್ಲಿಟ್ಟೇ ತೂಗಿ ನೋಡಿದ್ದೇನೆ.

ಆಗ ನಾನು ಬ್ಯಾಂಕೊಂದರಲ್ಲಿ ಕ್ಲರ್ಕ್. ಉಡುಪಿ ಕಡೆಯಿಂದ ಬಂದು ಮಾಟುಂಗದಲ್ಲಿ ನೆಲೆಸಿದ ಮನೆ ನಮ್ಮದು. ಬ್ಯಾಂಕು ಮುಗಿದ ಮೇಲೆ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ಲೋಟ ತೊಳೆದು, ಕತ್ತಲಾದ ಮೇಲೆ ಸ್ಲೇಟು ಹಿಡಿದು ಬರುವ ಹುಡುಗರಿಗೆ ಈ ನಗರದ ಕನ್ನಡಿಗರು ತಲೆಮಾರುಗಳಿಂದ ರಾತ್ರಿ ಶಾಲೆ ನಡೆಸುತ್ತ ಬಂದವರು. ನನ್ನ ತರಗತಿಯಲ್ಲಿ ಕರಾವಳಿಯ ಹುಡುಗರ ಜೊತೆ ಗುಲ್ಬರ್ಗ, ಬಿಜಾಪುರದ ಕಡೆಯ ಕಟ್ಟಡ ಕೂಲಿಗಳ ಮಕ್ಕಳೂ ಇದ್ದರು. ಅವರಲ್ಲಿ ಹಲವರ ಮನೆ ಧಾರಾವಿಯಲ್ಲಿ. ಕರ್ಫ್ಯೂ ಬಿದ್ದು ಶಾಲೆ ಮುಚ್ಚಿದಾಗ, ಹುಡುಗರು ಎಲ್ಲಿದ್ದಾರೆ ಎಂದು ನೋಡಿಬರಲು ಹೋದವಳು ನಾನು. ಹೋದಲ್ಲೇ ಕೆಲಸ ಕಂಡಿತು, ಉಳಿದೆ. ಕನ್ನಡ, ತುಳು, ಹಿಂದಿ, ಮರಾಠಿ ನಾಲ್ಕೂ ಬರುತ್ತಿದ್ದುದರಿಂದಲೂ ಫಾರಂ ತುಂಬಿ ಕೈ ಪಳಗಿದ್ದುದರಿಂದಲೂ ಮೇಜಿನ ಕೆಲಸ ನನ್ನ ಪಾಲಿಗೆ ಬಂತು.

ಗಲಭೆಯ ಆ ಎರಡು ತಿಂಗಳ ಇತಿಹಾಸ ಗೊತ್ತಿಲ್ಲದ ತಲೆಮಾರೊಂದು ಈಗ ಬೆಳೆದು ನಿಂತಿದೆ. ಅವರಿಗಾಗಿ ಕೆಲವು ಮಾತು. 1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬ್ರಿ ಮಸೀದಿ ಉರುಳಿತು. ಆ ಸಂಜೆಯೇ ಬೊಂಬಾಯಿಯಲ್ಲಿ ಕಿಡಿ ಹತ್ತಿತು. ಧಾರಾವಿಯಲ್ಲಿ ಅಂದು ನಡೆದ ವಿಜಯೋತ್ಸವದ ಸೈಕಲ್ ಮೆರವಣಿಗೆಯನ್ನು, ಗಲಭೆಯ ತನಿಖೆಗೆ ಸರ್ಕಾರ ನೇಮಿಸಿದ ಶ್ರೀಕೃಷ್ಣ ಆಯೋಗದ ವರದಿ ದಾಖಲಿಸಿದೆ. ಡಿಸೆಂಬರಿನ ಗಲಭೆ ತಣ್ಣಗಾಯಿತು ಎನ್ನುವಷ್ಟರಲ್ಲಿ ಜನವರಿ 6ರಿಂದ 20ರವರೆಗೆ ಎರಡನೆಯ ಸುತ್ತು. ಆಯೋಗದ ಲೆಕ್ಕದಂತೆ ಸತ್ತವರು 900 ಮಂದಿ. ಅವರಲ್ಲಿ 575 ಮುಸ್ಲಿಮರು, 275 ಹಿಂದೂಗಳು, 5 ಇತರರು. ಉಳಿದ 45 ಮಂದಿ ಯಾವ ಸಮುದಾಯದವರೆಂದು ತಿಳಿಯಲೇ ಇಲ್ಲ. ಪೊಲೀಸರ ಗುಂಡಿಗೆ 356 ಜನ, ಇರಿತಕ್ಕೆ 347 ಜನ, ಬೆಂಕಿಗೆ 91 ಜನ ಬಲಿಯಾದರು. ಗಾಯಗೊಂಡವರು 2,036. ಮಾರ್ಚ್ 12ರಂದು ಸರಣಿ ಬಾಂಬುಗಳು ಸಿಡಿದು ಇನ್ನೂ 257 ಜೀವಗಳು ಹೋದವು.

ಊರು ಬಿಟ್ಟು ಓಡಿದವರ ಸಂಖ್ಯೆ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ವಿ.ಟಿ., ದಾದರ್, ಕುರ್ಲಾ ನಿಲ್ದಾಣಗಳಲ್ಲಿ ಟಿಕೇಟಿಲ್ಲದೆ, ಸಾಮಾನಿಲ್ಲದೆ ರೈಲಿನ ಬಾಗಿಲಿಗೆ ಜೋತು ಬಿದ್ದ ಜನ. ಗುಲ್ಬರ್ಗದ ಕಡೆಯವರು ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದರು. ಕೊಂಕಣ ರೈಲು ಇನ್ನೂ ಬಂದಿರಲಿಲ್ಲವಾದ್ದರಿಂದ ನಮ್ಮ ಕರಾವಳಿಯ ಹೋಟೆಲ್ ಹುಡುಗರಿಗೆ ಬಸ್ಸೇ ಗತಿ. ದೇಶದ ಗಡಿ ದಾಟಿದರೆ ಇಂಥವರನ್ನು ನಿರಾಶ್ರಿತರು ಎಂದು ಲೋಕ ಕರೆಯುತ್ತದೆ, ಅವರಿಗೆ ಅಂತಾರಾಷ್ಟ್ರೀಯ ಒಪ್ಪಂದಗಳಿವೆ. ತನ್ನದೇ ನಗರದೊಳಗೆ ಅಥವಾ ಅದರ ಅಂಚಿಗೆ, ಸಯಾನಿನಿಂದ ಮುಂಬ್ರಾಕ್ಕೆ, ಜೋಗೇಶ್ವರಿಯಿಂದ ಇನ್ನೊಂದು ಜೋಗೇಶ್ವರಿಗೆ ಓಡಿದವರಿಗೆ ಯಾವ ಒಪ್ಪಂದವೂ ಇರಲಿಲ್ಲ. ಶಾಲೆಗಳು, ಮಸೀದಿಯ ಅಂಗಳಗಳು, ಸಮಾಜ ಮಂದಿರಗಳೇ ಶಿಬಿರಗಳಾದವು.

ಮೊದಲ ವಾರಗಳಲ್ಲಿ ನೆರವು ಧಾರಾಳವಾಗಿ ಬಂತು. ಅಕ್ಕಿ, ಬೇಳೆ, ಎಣ್ಣೆ, ಚಾದರ, ಹಳೆಬಟ್ಟೆಯ ಗಂಟುಗಳು. ಮಾಟುಂಗದ ಹೋಟೆಲ್ ಮಾಲೀಕರೊಬ್ಬರು ಬೆಳಗ್ಗೆ ದೊಡ್ಡ ಪಾತ್ರೆಗಳಲ್ಲಿ ಅನ್ನ, ಸಾಂಬಾರು ಕಳಿಸುತ್ತಿದ್ದರು; ಶಿಬಿರದಲ್ಲಿ ಯಾರಿದ್ದಾರೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಸಮಾಜಕಾರ್ಯ ಕಾಲೇಜುಗಳ ವಿದ್ಯಾರ್ಥಿಗಳು, ಡಾಕ್ಟರುಗಳು, ಕನ್ಯಾಸ್ತ್ರೀಯರು, ಕಾರ್ಮಿಕ ಸಂಘಗಳವರು ಎಲ್ಲ ಬಂದರು. ಕರ್ಫ್ಯೂ ಸಡಿಲಿಸಿದ ಎರಡು ಗಂಟೆಯಲ್ಲಿ ಆರೇ ಹಾಲಿನ ಬೂತಿನ ಮುಂದೆ ಸಾಲು ನಿಂತು ಎಳೆಗೂಸುಗಳಿಗೆ ಹಾಲು ತರುವುದೇ ಒಂದು ದೊಡ್ಡ ಕೆಲಸವಾಗಿತ್ತು. ಹಸಿದವರಿಗೆ ಅನ್ನ ಬೇಕು. ಆ ಅನ್ನವನ್ನು ಹಗುರಾಗಿ ಕಾಣುವ ಯಾವ ಸಿದ್ಧಾಂತವೂ ನನಗೆ ಬೇಡ.

ಆದರೆ ಅನ್ನಕ್ಕೆ ಎಲ್ಲಿ ಮಿತಿ ಇದೆ ಎಂದು ನನಗೆ ಹೇಳಿದವಳು ಗುಲ್ಬರ್ಗದ ಕಡೆಯ ಒಬ್ಬ ಹೆಂಗಸು. ಗಂಡನಿಲ್ಲ, ಇಬ್ಬರು ಮಕ್ಕಳು. ಕಟ್ಟಡದ ಕೂಲಿಗಳಿಗೆ ರೊಟ್ಟಿ ಮಾಡಿ ಹಾಕುತ್ತ ಬದುಕಿದ್ದವಳು. ಅಕ್ಕಿಯ ಚೀಲ ಕೊಡಲು ಹೋದಾಗ ಅವಳು ಕೈ ಮುಂದೆ ಚಾಚಲಿಲ್ಲ. "ಅಕ್ಕಾರ, ಅಕ್ಕಿ ನೀವು ಎಷ್ಟ್ ದಿನಾ ಕೊಡ್ತೀರಿ? ನನಗೊಂದು ಹಂಚು, ಒಂದು ಸ್ಟೋವು ಕೊಡಸ್ರಿ. ನಾಕ್ ಮಂದಿ ಕೂಲಿಯವ್ರಿಗೆ ರೊಟ್ಟಿ ಬಡದ್ ಕೊಟ್ರ ನನ್ನ ಮಕ್ಕಳ ಹೊಟ್ಟಿ ನಾನೇ ನೋಡ್ಕೋತೀನಿ." ಹಂಚು, ಸ್ಟೋವು, ಐದು ಲೀಟರ್ ಸೀಮೆಎಣ್ಣೆ, ಒಂದು ಚೀಲ ಜೋಳದ ಹಿಟ್ಟು. ಎರಡು ವಾರದೊಳಗೆ ಅವಳು ಶಿಬಿರದ ಊಟದ ಸಾಲಿನಿಂದ ಹೊರಬಿದ್ದಳು. ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಮೇಜಿನವರಿಗೇ ಮಧ್ಯಾಹ್ನದ ರೊಟ್ಟಿ ಕಳಿಸಿ, ದುಡ್ಡು ಎಣಿಸಿ ತೆಗೆದುಕೊಳ್ಳುತ್ತಿದ್ದಳು. ಕೊಡುವವರು, ಪಡೆಯುವವರು ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು.

ಅಂಥ ಹತ್ತಾರು ಜನರನ್ನು ಕಂಡ ಮೇಲೆ ನಮ್ಮ ಗುಂಪಿನಲ್ಲಿ ದೊಡ್ಡ ಚರ್ಚೆ ಆಯಿತು. ಬಂದ ದುಡ್ಡನ್ನು ಇನ್ನಷ್ಟು ಅಕ್ಕಿಗೆ ಹಾಕುವುದೋ, ದುಡಿಮೆಯ ಸಾಮಾನಿಗೆ ಹಾಕುವುದೋ? ಸಾಮಾನಿಗೆ ಹಾಕಿದರೆ ದಾನವೋ, ಸಾಲವೋ? ದಾನವೇ ಇರಲಿ, ಸುಟ್ಟವರಿಂದ ವಸೂಲಿ ಮಾಡಬಾರದು ಎಂದರು ಕೆಲವರು. ಬ್ಯಾಂಕಿನವಳಾದ ನಾನು ಬಡ್ಡಿಯಿಲ್ಲದ, ಅವಸರವಿಲ್ಲದ ಸಾಲದ ಪರವಾಗಿ ಮಾತಾಡಿದೆ. ಮರಳಿ ಬಂದ ದುಡ್ಡಿನಲ್ಲಿ ಮುಂದಿನವರಿಗೆ ಮಷೀನು ಬರುತ್ತದೆ ಎಂಬುದು ಒಂದು ಕಾರಣ. ಕಂತು ಕಟ್ಟುವವನು ಮುಂದಿನ ತಿಂಗಳೂ ಇದೇ ಗಲ್ಲಿಯಲ್ಲಿ ಇರುತ್ತೇನೆ ಎಂದು ತನಗೇ ಹೇಳಿಕೊಂಡಂತಾಗುತ್ತದೆ ಎಂಬುದು ಇನ್ನೊಂದು. ಕೊನೆಗೆ ಸಾಲವೆಂದೇ ಆಯಿತು. ಹಳೇ ಮಷೀನುಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿಗಳಿಂದ ತಂದು ಕೊಟ್ಟೆವು. ಕಂತುಗಳು ತಡವಾದವು, ಆದರೆ ಬಂದವು. ಕಟ್ಟಲಾಗದ ವಿಧವೆಯರಿಂದ, ಮುದುಕರಿಂದ ಕೇಳಲಿಲ್ಲ.

ಕೆಲಸ ಮರಳುವುದರ ಜೊತೆಗೆ ಇನ್ನೊಂದೂ ಮರಳುತ್ತದೆ ಎಂದು ಆಗ ಕಣ್ಣಾರೆ ಕಂಡೆ. ಧಾರಾವಿಯ ಚರ್ಮದ ಉದ್ಯಮವನ್ನು ನೋಡಿ. ಹದ ಮಾಡುವುದನ್ನು ಇಲ್ಲಿಗೆ ತಂದವರಲ್ಲಿ ತಿರುನೆಲ್ವೇಲಿ ಕಡೆಯ ತಮಿಳು ಮುಸ್ಲಿಮರಿದ್ದಾರೆ. ಕೆಲಸಗಾರರಲ್ಲಿ ತಮಿಳುನಾಡಿನ, ಮಹಾರಾಷ್ಟ್ರದ ದಲಿತ ಕುಟುಂಬಗಳು ಬಹಳ. ಒಬ್ಬ ಕಾರೀಗರನ ಕೈಯಿಂದ ಇನ್ನೊಬ್ಬನ ಕೈಗೆ ಹೋಗದೆ ಒಂದು ಚೀಲ ಸಿದ್ಧವಾಗುವುದಿಲ್ಲ. ಬಟ್ಟೆಯ ಕಾರ್ಖಾನೆಗಳಲ್ಲೂ ಹೀಗೇ: ಬಟ್ಟೆ ಕತ್ತರಿಸುವವನು ಒಂದು ಊರಿನವನು, ಹೊಲಿಯುವವನು ಒಂದು ಊರಿನವನು, ಗುಂಡಿ ಹಾಕುವ ಹೆಂಗಸರು ಇನ್ನೊಂದು ಊರಿನವರು. ಗಲಭೆ ಈ ಸರಪಣಿಯನ್ನು ತುಂಡರಿಸಿತ್ತು. ನಮ್ಮ ದರ್ಜಿಗೆ ಮಷೀನು ಸಿಕ್ಕಿದ ವಾರವೇ ಅವನನ್ನು ಹುಡುಕಿಕೊಂಡು ಬಂದ ಸೇಠ್ ಬೇರೆ ಧರ್ಮದವರು. ಇಬ್ಬರೂ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಸೇಠ್ ತುಂಡಿಗೆ ಎಷ್ಟು ಎಂದು ಕೇಳಿದರು. ಹಳೇ ದರವೇ ಸಾಕು ಎಂದ ದರ್ಜಿ. ಶಾಂತಿ ಸಭೆ ಆ ಗಲ್ಲಿಯಲ್ಲಿ ನಡೆದದ್ದು ಅದಾದ ಮೇಲೆ.

ಸಾಮಾನು ಕೊಡುವುದಕ್ಕಿಂತ ಕಷ್ಟದ್ದು ಕಾಗದ. ಸರ್ಕಾರದ ಪರಿಹಾರ ಸಿಗಬೇಕಾದರೆ ಪಂಚನಾಮೆ ಬೇಕು, ರೇಷನ್ ಕಾರ್ಡು ಬೇಕು, ಆ ಖೋಲಿಯಲ್ಲಿ ಇವರೇ ಇದ್ದರು ಎನ್ನುವುದಕ್ಕೆ ಗುರುತು ಬೇಕು. 1976ರ ಕೊಳೆಗೇರಿ ಗಣತಿಯ ನಂತರ ಕೊಟ್ಟ ಫೋಟೋ ಪಾಸು ಕೆಲವರಲ್ಲಿತ್ತು. ಬಾಡಿಗೆಗೆ ಇದ್ದವರಲ್ಲಿ ಏನೂ ಇಲ್ಲ. ಇದ್ದವರದ್ದೂ ಮನೆಯ ಜೊತೆಗೇ ಸುಟ್ಟಿತ್ತು. ಹಾಗಾಗಿ ಮೇಜಿನ ಕೆಲಸ ಪತ್ತೇದಾರಿಯ ಕೆಲಸವಾಯಿತು. ಮಗುವಿನ ಶಾಲೆಯ ದಾಖಲೆಯಲ್ಲಿ ವಿಳಾಸ ಇದೆಯೇ? ಆಸ್ಪತ್ರೆಯ ಚೀಟಿ? ಊರಿಗೆ ಕಳಿಸಿದ ಮನಿಯಾರ್ಡರಿನ ರಸೀತಿ? ಒಬ್ಬಾಕೆಗೆ ಕೊನೆಗೆ ಸಿಕ್ಕಿದ್ದು ಅಣ್ಣನ ಮನೆಯಲ್ಲಿದ್ದ ಹಳೇ ಅಂತರ್ದೇಶೀಯ ಪತ್ರ. ಅದರ ಮೇಲೆ ಅಂಚೆ ಮುದ್ರೆಯೊಂದಿಗೆ ಅವಳ ವಿಳಾಸವಿತ್ತು. ಒಂದು ಕಚೇರಿಯಲ್ಲಿ ಅದನ್ನು ಒಪ್ಪಲಿಲ್ಲ, ಇನ್ನೊಂದರಲ್ಲಿ ಒಪ್ಪಿದರು. ನಡುವೆ ಅವಳು ಕಳೆದುಕೊಂಡ ಕೂಲಿಯ ದಿನಗಳಿಗೆ ಯಾವ ಫಾರಮಿನಲ್ಲೂ ಜಾಗವಿಲ್ಲ.

ಸಾಕ್ಷಿಗೆ ನೆರೆಯವರ ಸಹಿ ಸಾಕಾಗುತ್ತಿದ್ದ ಕಡೆ ನಾವೊಂದು ಪದ್ಧತಿ ಇಟ್ಟುಕೊಂಡೆವು: ಸಾಧ್ಯವಾದರೆ ಇನ್ನೊಂದು ಸಮುದಾಯದ ನೆರೆಯವರಿಂದಲೇ ಸಹಿ ಹಾಕಿಸುವುದು. ಮೊದಮೊದಲು ಜನ ಹಿಂಜರಿದರು. ಒಬ್ಬ ಮರಾಠಿ ಅಜ್ಜಿ ಬಂದು, ಇಪ್ಪತ್ತು ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡು ಇದ್ದವರು ಇವರು ಎಂದು ಹೇಳಿ ಹೆಬ್ಬೆಟ್ಟು ಒತ್ತಿದ ಮೇಲೆ ಉಳಿದವರೂ ಮುಂದೆ ಬಂದರು. ಮುಸ್ಲಿಮರ ನಡುವೆ ಒಂಟಿಯಾಗಿದ್ದು ಮನೆ ಕಳೆದುಕೊಂಡ ಹಿಂದೂ ಕುಟುಂಬಗಳಿಗೂ ಹೀಗೆಯೇ ಮುಸ್ಲಿಂ ನೆರೆಯವರು ಸಾಕ್ಷಿ ನಿಂತರು. ಕಾಗದಕ್ಕಾಗಿ ಹಾಕಿದ ಸಹಿ ಮನಸ್ಸಿನಲ್ಲೂ ಕೆಲಸ ಮಾಡುತ್ತದೆ. ಸಹಿ ಹಾಕಿದವರನ್ನು ಮತ್ತೆ ಅನುಮಾನದಿಂದ ನೋಡುವುದು ಸುಲಭವಲ್ಲ.

ನೆರವಿನಲ್ಲಿ ಪಕ್ಷಪಾತ ಸಲ್ಲದು ಎಂಬುದು ರೆಡ್ ಕ್ರಾಸ್ 1965ರಲ್ಲಿ ವಿಯೆನ್ನಾದಲ್ಲಿ ಅಂಗೀಕರಿಸಿದ ಏಳು ಮೂಲತತ್ತ್ವಗಳಲ್ಲಿ ಒಂದು. ನನಗೆ ಆಗ ಅದು ಗೊತ್ತಿರಲಿಲ್ಲ. ಗೊತ್ತಾದದ್ದು ಅದೆಷ್ಟು ಕಷ್ಟ ಎಂಬುದು. ವಂತಿಗೆ ಕೇಳಲು ಹೋದ ಮನೆಗಳಲ್ಲಿ ಮೊದಲ ಪ್ರಶ್ನೆ, ಯಾರಿಗೆ ಕೊಡುತ್ತೀರಿ ಎಂದು. ಎರಡೂ ಕಡೆಯವರು ಕೇಳಿದರು. ನಮ್ಮವರಿಗೆ ಮಾತ್ರ ಎಂದು ಬರೆದುಕೊಡಿ ಎಂದವರೂ ಇದ್ದರು. ಅಂಥ ದುಡ್ಡನ್ನು ನಾವು ತೆಗೆದುಕೊಳ್ಳಲಿಲ್ಲ. ಆ ಹೊತ್ತಿಗೆ ಶಿಬಿರದಲ್ಲಿ ಔಷಧಿಗೆ ದುಡ್ಡಿರಲಿಲ್ಲವಾದ್ದರಿಂದ ಆ ನಿರ್ಧಾರ ಹಗುರದ್ದಾಗಿರಲಿಲ್ಲ. ಆದರೆ ಒಮ್ಮೆ ಷರತ್ತಿನ ದುಡ್ಡು ಮುಟ್ಟಿದ್ದರೆ ನಮ್ಮ ಮೇಜಿಗೆ ಎರಡು ಸಾಲು ಬರುತ್ತಿರಲಿಲ್ಲ, ಒಂದೇ ಬರುತ್ತಿತ್ತು.

ಅದೇ ವರ್ಷ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸಾವಿರಾರು ಜನ ಮಣ್ಣಿನಡಿ ಸೇರಿದರು. ಬೊಂಬಾಯಿ ಉಕ್ಕಿ ಹರಿಯಿತು. ಲಾರಿಗಟ್ಟಲೆ ಸಾಮಾನು, ಶಾಲೆ ಮಕ್ಕಳ ಡಬ್ಬಿಯ ದುಡ್ಡು, ಕಂಪನಿಗಳ ಚೆಕ್ಕು. ಅಲ್ಲಿ ಯಾರೂ ಯಾರಿಗೆ ಎಂದು ಕೇಳಲಿಲ್ಲ. ಎಂಟು ತಿಂಗಳ ಹಿಂದೆ ಬಾಗಿಲು ಅರ್ಧವೇ ತೆರೆದ ಮನೆಗಳೇ ಈಗ ಕರೆದು ಕೊಟ್ಟವು. ಅದನ್ನು ನೋಡಿ ನನಗೆ ಸಿಟ್ಟು ಬರಲಿಲ್ಲ, ಸಂತೋಷವೇ ಆಯಿತು. ಈ ನಗರಕ್ಕೆ ಕೊಡುವ ಕೈ ಇದೆ. ಮನುಷ್ಯರೇ ಮನುಷ್ಯರಿಗೆ ಮಾಡಿದ ಗಾಯದ ಮುಂದೆ ಮಾತ್ರ ಆ ಕೈ ತಡೆದು ನಿಲ್ಲುತ್ತದೆ. ಭೂಕಂಪ ಮುಗಿದ ಮೇಲೆ ಭೂಮಿ ತಣ್ಣಗಿರುತ್ತದೆ, ಕಟ್ಟಲು ತೊಡಗಬಹುದು. ಗಲಭೆ ಮುಗಿದ ಮೇಲೂ ಬೆಂಕಿ ಹಚ್ಚಿದವನು ಮುಂದಿನ ಓಣಿಯಲ್ಲೇ ಇರುತ್ತಾನೆ. ಹಾಗಾಗಿ ಸಂಘರ್ಷದ ನೆಲದಲ್ಲಿ ನೆರವಿನ ಕೆಲಸ ಯಾವಾಗಲೂ ನೆರೆಹೊರೆಯ ಕೆಲಸವೂ ಆಗಿರಬೇಕಾಗುತ್ತದೆ.

ಆ ಕೆಲಸಕ್ಕೆ ನಮ್ಮ ಹತ್ತಿರದಲ್ಲೇ ಮಾದರಿ ಇತ್ತು. ಮಗ್ಗಗಳ ಊರಾದ ಭಿವಂಡಿ 1970ರಲ್ಲೂ 1984ರಲ್ಲೂ ಹೊತ್ತಿ ಉರಿದ ಊರು. ಎಂಬತ್ತರ ದಶಕದ ಕೊನೆಗೆ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಬೀದಿಬೀದಿಗೆ ಮೊಹಲ್ಲಾ ಸಮಿತಿ ಕಟ್ಟಿಸಿದರು. ಎರಡೂ ಸಮುದಾಯದ ಸಾಮಾನ್ಯ ಜನ ಪೊಲೀಸರ ಜೊತೆ ನಿಯಮಿತವಾಗಿ ಕೂತು ನಲ್ಲಿ, ಚರಂಡಿ, ಮಕ್ಕಳ ಜಗಳದಂಥ ಸಣ್ಣ ವಿಷಯ ಮಾತಾಡುವುದು. ಸಣ್ಣದನ್ನು ಕೂತು ಮಾತಾಡುವ ರೂಢಿ ಇದ್ದಲ್ಲಿ ದೊಡ್ಡ ವದಂತಿ ಬೇರು ಬಿಡುವುದಿಲ್ಲ. 1992ರ ಡಿಸೆಂಬರಿನಲ್ಲಿ ಬೊಂಬಾಯಿ ಉರಿಯುವಾಗ ಭಿವಂಡಿ ಶಾಂತವಾಗಿತ್ತು. ಮುಂದೆ ಆಗಿನ ಪೊಲೀಸ್ ಆಯುಕ್ತ ಸತೀಶ್ ಸಾಹ್ನಿ, ನಿವೃತ್ತ ಅಧಿಕಾರಿ ಜೂಲಿಯೋ ರಿಬೇರೋ, ಸುಶೋಭಾ ಬರ್ವೆ ಮುಂತಾದವರು ಸೇರಿ ಬೊಂಬಾಯಿಯಲ್ಲೂ ಮೊಹಲ್ಲಾ ಸಮಿತಿಗಳ ಚಳವಳಿಯನ್ನು ಬೆಳೆಸಿದರು. ಪೊಲೀಸರಿಗೂ ಗಲ್ಲಿಯ ಹುಡುಗರಿಗೂ ನಡುವೆ ಕ್ರಿಕೆಟ್ ಪಂದ್ಯಗಳನ್ನೂ ಆಡಿಸಿದರು.

ಧಾರಾವಿಯಲ್ಲಿ ಈ ಕೆಲಸದ ಮುಖ ಎಂದರೆ ಇಬ್ಬರು ಗೆಳೆಯರು, ಭಾವೂ ಕೋರ್ಡೆ ಮತ್ತು ವಕಾರ್ ಖಾನ್. ಒಬ್ಬರು ಶಾಲೆಯೊಂದರಲ್ಲಿ ದುಡಿದವರು, ಇನ್ನೊಬ್ಬರು ಬಟ್ಟೆ ಹೊಲಿಸುವ ಉದ್ಯಮದವರು. ನಾವೆಲ್ಲ ಒಂದೇ ಎಂದು ಹೇಳುವ ನಾಲ್ಕು ಧರ್ಮಗಳ ಮಕ್ಕಳ ಪೋಸ್ಟರನ್ನು ವಕಾರ್ ಖಾನ್ ತಮ್ಮ ದುಡ್ಡಿನಲ್ಲೇ ಮಾಡಿಸಿ ಅಂಟಿಸಿದರು. ಅಂಜಲಿ ಮೊಂತೇರೋ ಮತ್ತು ಕೆ.ಪಿ. ಜಯಶಂಕರ್ 2003ರಲ್ಲಿ ಮಾಡಿದ 'ನಾತಾ' ಸಾಕ್ಷ್ಯಚಿತ್ರ ಈ ಗೆಳೆತನವನ್ನು ಕುರಿತದ್ದು. ಅಂಥ ಸಮಿತಿಗಳ ಕೂಟಗಳಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕೂತದ್ದುಂಟು. ಅಲ್ಲಿ ಭಾಷಣ ಕಡಿಮೆ. ಗಣಪತಿ ಮೆರವಣಿಗೆ ಯಾವ ಹೊತ್ತಿಗೆ ಯಾವ ಮಸೀದಿಯ ಮುಂದೆ ಬರುತ್ತದೆ, ಅಲ್ಲಿ ನೀರು ಕೊಡಲು ಯಾರು ನಿಲ್ಲುತ್ತಾರೆ, ತಾಬೂತಿನ ದಿನ ಯಾರು ದಾರಿ ತೆರವು ಮಾಡುತ್ತಾರೆ, ಇಂಥವೇ ಮಾತು. ಈ ಒಪ್ಪಂದಗಳನ್ನು ಪ್ರತಿ ವರ್ಷ ಹೊಸದಾಗಿ ಮಾಡಬೇಕು. ಬಿಟ್ಟರೆ ಬಿಟ್ಟಹಾಗೆ.

ನೆರವು ಮತ್ತು ಅಭಿವೃದ್ಧಿ ಬೇರೆ ಬೇರೆ ಖಾತೆಗಳೆಂದು ದಾನಿಗಳು ಎಣಿಸುತ್ತಾರೆ. ಹಾಗಲ್ಲ ಎಂದು ನನಗೆ ಮನದಟ್ಟಾದದ್ದು ಎಷ್ಟೋ ವರ್ಷಗಳ ನಂತರ, ಸ್ಫಿಯರ್ ಎಂಬ ಕೈಪಿಡಿ ಓದಿದಾಗ. 1994ರ ರುವಾಂಡಾ ನರಮೇಧದ ನಂತರದ ಶಿಬಿರಗಳ ಕಹಿ ಅನುಭವದಿಂದ ಪಾಠ ಕಲಿತ ನೆರವು ಸಂಸ್ಥೆಗಳು 1997ರಲ್ಲಿ ಒಟ್ಟಾಗಿ ಆರಂಭಿಸಿದ ಪ್ರಯತ್ನ ಅದು. ಶಿಬಿರದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನಕ್ಕೆ ಒಂದು ಶೌಚಾಲಯ, ತಲೆಗೆ 3.5 ಚದರ ಮೀಟರ್ ಮಾಡಿನಡಿಯ ಜಾಗ ಇರಬೇಕು ಎನ್ನುತ್ತದೆ ಆ ಕೈಪಿಡಿ. ನಾನು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಹತ್ತಡಿಗೆ ಹತ್ತಡಿಯ ಖೋಲಿ ಎಂದರೆ 9.3 ಚದರ ಮೀಟರ್. ಅದರಲ್ಲಿ ಆರು ಜನ ಇದ್ದರೆ ತಲೆಗೆ ಒಂದೂವರೆ ಚದರ ಮೀಟರ್ ಚಿಲ್ಲರೆ. ಅಂದರೆ ಗಲಭೆಗೆ ಮುಂಚಿನ, ಎಲ್ಲವೂ ಸರಿಯಿದ್ದ ದಿನಗಳಲ್ಲೇ ಆ ಮನೆಗಳು ನಿರಾಶ್ರಿತರ ಶಿಬಿರದ ಅಳತೆಗೆ ಅರ್ಧಕ್ಕೂ ಕಡಿಮೆ ಇದ್ದವು. ಸುಟ್ಟ ಖೋಲಿಯನ್ನು ಮೊದಲಿದ್ದಂತೆ ಕಟ್ಟಿಕೊಟ್ಟರೆ ನಮ್ಮ ಕೆಲಸ ಮುಗಿಯಿತು ಎನ್ನುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಅದೇ ನಗರದ ಫುಟ್‌ಪಾತಿನ ಹೆಂಗಸರು. 1985ರಲ್ಲಿ ಫುಟ್‌ಪಾತ್‌ವಾಸಿಗಳ ತೆರವಿನ ಬಗ್ಗೆ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಹೊತ್ತಿಗೆ, ಅದರ ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಸ್ಪಾರ್ಕ್ ಸಂಸ್ಥೆ ಅವರ ಗಣತಿ ಮಾಡಿತು. 1986ರಲ್ಲಿ ಬೈಕುಲ್ಲಾದ ಹೆಂಗಸರು ಮಹಿಳಾ ಮಿಲನ್ ಕಟ್ಟಿದರು. ಇವರ ಜೊತೆ ನಿಂತ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟದ ಜಾಕಿನ್ ಅರ್ಪುತಂ ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದವರು. ಹದಿಹರೆಯದಲ್ಲಿ ಬೊಂಬಾಯಿಗೆ ಬಂದು, ಟ್ರಾಂಬೆಯ ಜನತಾ ಕಾಲೋನಿಯಲ್ಲಿ ಬದುಕಿ, 1976ರಲ್ಲಿ ಆ ಕಾಲೋನಿ ನೆಲಸಮವಾದದ್ದನ್ನು ಕಂಡವರು. 2000ದಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು, 2018ರಲ್ಲಿ ತೀರಿಕೊಂಡರು. ಮಹಿಳಾ ಮಿಲನಿನ ಹೆಂಗಸರು ದಿನಕ್ಕೆ ಒಂದು ರೂಪಾಯಿ, ಎರಡು ರೂಪಾಯಿ ಕೂಡಿಡುತ್ತಿದ್ದರು. ಓದು ಬಾರದವರು ಬಣ್ಣಬಣ್ಣದ ಕಾಗದದ ಚೂರುಗಳಲ್ಲಿ ಲೆಕ್ಕ ಇಟ್ಟರು. ದಿನಾ ಒಬ್ಬಾಕೆ ಪ್ರತಿ ಮನೆಯ ಬಾಗಿಲಿಗೆ ಹೋಗಿ ದುಡ್ಡು ಕೇಳುತ್ತಾಳೆ ಎಂದರೆ ಆ ಮನೆಯಲ್ಲಿ ಯಾರಿಗೆ ಕಾಯಿಲೆ, ಯಾರಿಗೆ ಕೆಲಸ ಹೋಯಿತು, ಯಾರಿಗೆ ಭಯ ಎಂಬುದೂ ದಿನಾ ಗೊತ್ತಾಗುತ್ತದೆ. ಬ್ಯಾಂಕಿನಲ್ಲಿ ಆಯುಷ್ಯ ಕಳೆದ ನಾನು ಹೇಳುತ್ತೇನೆ, ಇದಕ್ಕಿಂತ ಒಳ್ಳೆಯ ಉಳಿತಾಯ ಖಾತೆಯನ್ನು ನಾನು ಕಂಡಿಲ್ಲ.

ಅನ್ನ, ಸಾಮಾನು, ಕಾಗದ, ನೆರೆ ಇವಿಷ್ಟರ ಮೇಲೆ ಇನ್ನೊಂದು ಹಸಿವಿದೆ. ಆದದ್ದನ್ನು ಯಾರಾದರೂ ಕೇಳಬೇಕು, ಬರೆದಿಡಬೇಕು. ಈ ಕೆಲಸವನ್ನು ಮಾಡಿದ ಇಬ್ಬರು ನಮ್ಮ ನೆಲದಲ್ಲಿ ಹುಟ್ಟಿದವರು ಎಂಬುದು ನನಗೆ ಇಂದಿಗೂ ಹೆಮ್ಮೆ. ಸುರತ್ಕಲ್ ಬಳಿಯ ಹೊಸಬೆಟ್ಟಿನ ನ್ಯಾಯಮೂರ್ತಿ ಎಚ್. ಸುರೇಶ್ ಹೈಕೋರ್ಟಿನಿಂದ ನಿವೃತ್ತರಾದ ಸ್ವಲ್ಪ ಕಾಲದಲ್ಲೇ ನ್ಯಾಯಮೂರ್ತಿ ಎಸ್.ಎಂ. ದಾವೂದ್ ಅವರೊಂದಿಗೆ ಜನರ ಹೇಳಿಕೆಗಳನ್ನು ಕೇಳಿ 1993ರಲ್ಲೇ 'ದಿ ಪೀಪಲ್ಸ್ ವರ್ಡಿಕ್ಟ್' ವರದಿಯನ್ನು ಕೊಟ್ಟರು. ಸರ್ಕಾರ ನೇಮಿಸಿದ ಆಯೋಗವನ್ನು ನಡೆಸಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಬೆಂಗಳೂರಿನಲ್ಲಿ ಹುಟ್ಟಿದವರು. 1996ರ ಜನವರಿಯಲ್ಲಿ ಆ ಆಯೋಗವನ್ನು ಸರ್ಕಾರ ಮುಚ್ಚಿತು. ಕೆಲವು ತಿಂಗಳ ಮೇಲೆ ಮತ್ತೆ ತೆರೆಯಬೇಕಾಯಿತು. 1998ರ ಫೆಬ್ರವರಿಯಲ್ಲಿ ವರದಿ ಬಂತು. ನಮ್ಮ ಮೇಜಿಗೆ ಬಂದಿದ್ದ ಕೆಲವರು ಆಯೋಗದ ಮುಂದೆ ಹೋಗಿ ಹೇಳಿಕೆ ಕೊಟ್ಟು ಬಂದರು. ಒಬ್ಬ ತಾಯಿ ನನಗೆ ಹೇಳಿದ್ದಿಷ್ಟು: ನ್ಯಾಯಾಧೀಶರು ನನ್ನ ಮಾತನ್ನು ನಡುವೆ ತಡೆಯದೆ ಕೇಳಿದರು.

ಕೇಳಿದ್ದಕ್ಕೆ ತಕ್ಕಂತೆ ನಡೆಯಿತೇ ಎಂದರೆ, ಬಹಳಷ್ಟು ನಡೆಯಲಿಲ್ಲ. ಸತ್ತವರ ವಾರಸುದಾರರಿಗೆ ಸರ್ಕಾರ ಎರಡು ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು. ಹೆಣವೇ ಸಿಗದವರ ಮನೆಯವರು ಏನು ಮಾಡಬೇಕು? ಕಾಣೆಯಾದವರು 168 ಮಂದಿ. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ತೀರ್ಪು ಕೊಡುವ ಹೊತ್ತಿಗೆ ಅವರಲ್ಲಿ 60 ಮಂದಿಯ ವಾರಸುದಾರರಿಗೆ ಮಾತ್ರ ಪರಿಹಾರ ಮುಟ್ಟಿತ್ತು. ಉಳಿದ 108 ಮಂದಿಯ ಕುಟುಂಬಗಳನ್ನು ಹುಡುಕಿ ಬಡ್ಡಿ ಸಮೇತ ಕೊಡಿ ಎಂದು ಕೋರ್ಟು ಹೇಳಿತು. ಗಲಭೆಯಾಗಿ ಆಗಲೇ ಮೂವತ್ತು ವರ್ಷ. ಮಗನನ್ನು ಕಳೆದುಕೊಂಡಾಗ ನಡುವಯಸ್ಸಿನಲ್ಲಿದ್ದ ತಾಯಂದಿರಿಗೆ ಈಗ ಎಂಬತ್ತು. ಅಂದು ಮೇಜಿನ ಮುಂದೆ ಫಾರಂ ತುಂಬಲು ಬಂದವರ ಸಹನೆಯನ್ನು ನೆನೆದರೆ ನನಗೆ ಈಗಲೂ ಎದೆ ಭಾರವಾಗುತ್ತದೆ.

ಈಗ ಸಮಾಜಕಾರ್ಯ ಓದಿದ ಹುಡುಗ ಹುಡುಗಿಯರು ಸಂಘರ್ಷದ ನಾಡುಗಳಿಗೆ ಕೆಲಸಕ್ಕೆ ಹೋಗುತ್ತಾರೆ. ನನ್ನ ತಂಗಿಯ ಮಗಳು ದಕ್ಷಿಣ ಸುಡಾನಿಗೆ ಹೊರಡುವ ಮುಂಚೆ ಬಂದು, "ದೊಡ್ಡಮ್ಮ, ನೀವು ಆಗ ಏನು ಮಾಡಿದಿರಿ, ನನಗೆ ಏನು ಹೇಳುತ್ತೀರಿ?" ಎಂದು ಕೇಳಿದಳು. 2023ರ ಮೇ ತಿಂಗಳಲ್ಲಿ ಮಣಿಪುರ ಒಡೆದು ಸಾವಿರಾರು ಜನ ಶಿಬಿರ ಸೇರಿದಾಗ ಅಲ್ಲಿಗೆ ಹೋದ ಕೆಲವರೂ ಕೇಳಿದರು. ಎಲ್ಲರಿಗೂ ಹೇಳಿದ್ದು ಒಂದೇ. ನಿಮ್ಮ ಲಾರಿಯಲ್ಲಿ ಏನಿದೆ ಎಂಬುದರಿಂದ ಆರಂಭಿಸಬೇಡಿ, ಅವರ ಬಾಯಲ್ಲಿ ಮೊದಲು ಏನು ಬರುತ್ತದೆ ಎಂಬುದರಿಂದ ಆರಂಭಿಸಿ. ಎರಡೂ ಕಡೆಯವರು ಬಂದು ಕೂರಬಹುದಾದ ಜಾಗದಲ್ಲಿ ಮೇಜು ಹಾಕಿ. ಎಷ್ಟು ಚೀಲ ಹಂಚಿದಿರಿ ಎಂಬ ಲೆಕ್ಕದ ಪಕ್ಕದಲ್ಲಿ ಎಷ್ಟು ಜನ ತಮ್ಮದೇ ಗಲ್ಲಿಗೆ ಮರಳಿ ಬಾಗಿಲು ತೆರೆದರು ಎಂಬ ಲೆಕ್ಕವನ್ನೂ ಇಡಿ, ಎರಡನೆಯ ಲೆಕ್ಕವೇ ನಿಮ್ಮ ಕೆಲಸದ ಅಳತೆ.

ದಾನ ಕೊಡುವವರಿಗೆ ಹೇಳುವುದು ಬೇರೆ. ಮೊದಲ ವಾರದಲ್ಲಿ ಎಲ್ಲರೂ ಕೊಡುತ್ತಾರೆ, ನೀವೂ ಕೊಡಿ. ಆದರೆ ಕೊಡುವ ಹಣದಲ್ಲಿ ಒಂದು ಪಾಲನ್ನು ಮೂರನೆಯ ವರ್ಷಕ್ಕೆಂದು ತೆಗೆದಿಡಿ. ಆಗ ಪತ್ರಿಕೆಯವರು ಇರುವುದಿಲ್ಲ, ಮಂತ್ರಿಗಳು ಬರುವುದಿಲ್ಲ. ಕಚೇರಿಗೆ ಅಲೆಯುವ ವಿಧವೆ, ಕಂತು ಕಟ್ಟುವ ದರ್ಜಿ, ಮೆರವಣಿಗೆಯ ದಾರಿಯನ್ನು ಮತ್ತೆ ಮಾತಾಡಿ ಒಪ್ಪಿಸಬೇಕಾದ ಸಮಿತಿಯ ಹೆಂಗಸರು ಮಾತ್ರ ಇರುತ್ತಾರೆ. ಊರು ಮತ್ತೆ ಊರಾಗುವುದು ಅವರ ಕೈಯಲ್ಲಿ. ಅವರ ಜೊತೆ ಆ ವರ್ಷವೂ ಒಬ್ಬರು ಕೂತಿರಬೇಕು. ಆ ಒಬ್ಬರ ಸಂಬಳವನ್ನು, ಬಸ್ಸಿನ ಖರ್ಚನ್ನು, ಮೇಜಿನ ಮೇಲಿನ ಕಾಗದವನ್ನು ಕೊಡಲು ಒಪ್ಪುವ ದಾನಿಯೇ ನಿಜವಾಗಿ ಊರು ಕಟ್ಟುವವನು.